ಡಬ್ಬಾ ಟಿವಿ ಒಡೆಯದೆ ಊರು ಬಿಡಲಿ
ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಸದಸ್ಯರಿಗೆ ಬಹಿರಂಗ ಪತ್ರ



ವಾರ್ಷಿಕ ಮಹಾಸಭೆಯಲ್ಲಿ ವಿದ್ಯುತ್ ದರ, ಹೊಸ ಸಂಪರ್ಕ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕೊಡುವ ಹೊತ್ತು ಇವೆಲ್ಲ ಚರ್ಚೆಗೆ ಬರುವುದು ಸಹಜ, ಬರಲೇಬೇಕು. ಅವುಗಳ ಜೊತೆಗೆ ಈ ವರ್ಷ ಇನ್ನೊಂದು ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಿ ಎಂದು ಕೇಳಲು ಈ ಪತ್ರ. ಸಂಕೇಶ್ವರದ ಗಲ್ಲಿಗಳಲ್ಲಿ, ಹುಕ್ಕೇರಿ, ಯಮಕನಮರಡಿಯ ಓಣಿಗಳಲ್ಲಿ, ತೋಟದ ಮನೆಗಳ ಅಟ್ಟದ ಮೇಲೆ ಪಿಕ್ಚರ್ ಟ್ಯೂಬಿನ ಹಳೆಯ ಟಿವಿಗಳು ಕೆಟ್ಟು ಕೂತಿವೆ. ನಾವೀಗ ಡಬ್ಬಾ ಟಿವಿ ಎನ್ನುವ ಆ ಪೆಟ್ಟಿಗೆಗಳನ್ನು ಬಿಚ್ಚದೆ, ಒಡೆಯದೆ ಒಟ್ಟುಗೂಡಿಸಿ, ನೋಂದಾಯಿತ ಮರುಬಳಕೆ ಘಟಕಕ್ಕೆ ಲಾರಿ ತುಂಬಿ ಕಳಿಸುವ ಕೆಲಸವನ್ನು ನಮ್ಮ ಸಂಘ ಕೈಗೆತ್ತಿಕೊಳ್ಳಬೇಕು. ವಿದ್ಯುತ್ ಹಂಚುವ ಸಂಘಕ್ಕೂ ಕೆಟ್ಟ ಟಿವಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಕೊಡುವ ಮೊದಲು ಒಂದು ಡಬ್ಬಾ ಟಿವಿ ನಮ್ಮ ಊರಲ್ಲಿ ಹೇಗೆ ಕೊನೆಗಾಣುತ್ತದೆ ಎಂಬುದನ್ನು ನೋಡಬೇಕು.

ಆ ದಾರಿ ಎಲ್ಲರಿಗೂ ಗೊತ್ತಿರುವುದೇ. ದಸರೆಗೋ ದೀಪಾವಳಿಗೋ ಮನೆಗೆ ಸುಣ್ಣ ಬಣ್ಣ ಮಾಡುವಾಗ ಟಿವಿ ಅಟ್ಟದಿಂದ ಇಳಿಯುತ್ತದೆ, ಓಣಿಗೆ ಬಂದ ಭಂಗಾರದವರ (ಗುಜರಿಯವರ) ಗಾಡಿ ಏರುತ್ತದೆ. ಹೊಸ ಟಿವಿಗೆ ಎಕ್ಸ್‌ಚೇಂಜ್ ಕೊಟ್ಟರೂ ಅಂಗಡಿಯಿಂದ ಬಹುಪಾಲು ಅದೇ ಗಾಡಿಗೇ ಹೋಗುತ್ತದೆ. ಭಂಗಾರದ ವ್ಯಾಪಾರಕ್ಕೆ ಅದರಲ್ಲಿ ಬೇಕಾದದ್ದು ಕೆಲವೇ ಸಾಮಾನು. ಟ್ಯೂಬಿನ ಕತ್ತಿಗೆ ತೊಡಿಸಿದ ಯೋಕ್ ಎಂಬ ತಾಮ್ರದ ಸುರುಳಿ, ಪರದೆಯ ಸುತ್ತ ಹಾಯ್ದ ಇನ್ನೊಂದು ಸುರುಳಿ, ಸರ್ಕ್ಯೂಟ್ ಬೋರ್ಡು, ಸ್ಪೀಕರು, ಹಿಂಬದಿಯ ಪ್ಲಾಸ್ಟಿಕ್ ಕವಚ. ಯೋಕ್ ಬಿಡಿಸಲು ಎಲ್ಲಕ್ಕಿಂತ ಸಲೀಸು ದಾರಿ ಟ್ಯೂಬಿನ ಸಣ್ಣ ಕತ್ತನ್ನು ಸುತ್ತಿಗೆಯಿಂದ ಮುರಿಯುವುದು. ಒಳಗೆ ಗಾಳಿಯೇ ಇಲ್ಲದ ಕಾರಣ ಕತ್ತು ಮುರಿದ ಕ್ಷಣ ಹೊರಗಿನ ಗಾಳಿ ಸುಯ್ಯೆಂದು ನುಗ್ಗುತ್ತದೆ. ಪೆಟ್ಟು ಜಾರಿ ಅಗಲ ಭಾಗಕ್ಕೆ ಬಿದ್ದರೆ ಗಾಜು ಒಮ್ಮೆಲೇ ಒಳಕ್ಕೆ ಕುಸಿದು ಚೂರುಗಳು ಕೆಲಸಗಾರನ ಮುಖಕ್ಕೆ, ಕಣ್ಣಿಗೆ ಸಿಡಿಯುತ್ತವೆ. ಪರದೆಯ ಒಳಮೈಗೆ ಅಂಟಿರುವ ಬೂದುಬಿಳಿ ಪುಡಿ ಉದುರಿ ಗಾಳಿಗೆ ಏಳುತ್ತದೆ. ರಾಮಾಯಣ, ಮಹಾಭಾರತ ಧಾರಾವಾಹಿಗಳ ಬಣ್ಣ ಮೂಡಿದ್ದು ಇದೇ ಪುಡಿಯ ಮೇಲೆ. ಅದರಲ್ಲಿ ಸತುವಿನ ಸಲ್ಫೈಡ್ ಇದೆ, ಯಿಟ್ರಿಯಂ, ಯುರೋಪಿಯಂ ಇವೆ, ತೀರಾ ಹಳೆಯ ಸೆಟ್ಟುಗಳಲ್ಲಿ ಕ್ಯಾಡ್ಮಿಯಂ ಕೂಡ ಇದೆ. ಆಮೇಲೆ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯುವ ತಾಪತ್ರಯ ಬೇಡವೆಂದು ಬೆಂಕಿ ಹಚ್ಚುವುದುಂಟು. ಪಿವಿಸಿ ಪ್ಲಾಸ್ಟಿಕ್ಕು ತಾಮ್ರದ ಜೊತೆ ಬೆಂದಾಗ ಏಳುವ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಇಷ್ಟೆಲ್ಲ ಆದ ಮೇಲೆ ಕೊಳ್ಳುವವರಿಲ್ಲದೆ ಉಳಿಯುವುದು ಗಾಜು. ಟಿವಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ.

ಈ ಗಾಜು ಕಿಟಕಿಯ ಗಾಜಿನಂಥದ್ದಲ್ಲ. ಬಣ್ಣದ ಟಿವಿಯ ಟ್ಯೂಬಿನೊಳಗೆ ಸುಮಾರು 25,000 ವೋಲ್ಟ್ ಒತ್ತಡದಲ್ಲಿ ಎಲೆಕ್ಟ್ರಾನುಗಳು ಪರದೆಗೆ ಬಡಿಯುತ್ತಿದ್ದವು. ಆ ಬಡಿತಕ್ಕೆ ಎಕ್ಸ್‌ರೇ ಹುಟ್ಟುತ್ತದೆ. ಅದು ನೋಡುವವರ ಕಡೆ ಬರದಂತೆ ತಡೆಯಲು ಗಾಜಿಗೆ ಸೀಸ ಬೆರೆಸಿದರು. ಮುಂದಿನ ಪರದೆಯಲ್ಲಿ ಹೆಚ್ಚಾಗಿ ಬೇರಿಯಂ, ಸ್ಟ್ರಾಂಷಿಯಂ ಇರುತ್ತವೆ. ಹಿಂದಿನ ಲಾಳಿಕೆಯಾಕಾರದ ಭಾಗದಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಎರಡನ್ನೂ ಬೆಸೆದ ಅಂಟುಗಾಜಿನಲ್ಲಿ ಸೀಸವೇ ಬಹುಭಾಗ. ದೊಡ್ಡ ಸೆಟ್ಟೊಂದರಲ್ಲಿ ಹೀಗೆ ಒಂದೆರಡು ಕಿಲೋ ಸೀಸ ಕೂಡಿರುತ್ತದೆ. ಮನೆಯಲ್ಲಿ ಟಿವಿ ಇಡಿಯಾಗಿ ಇರುವವರೆಗೆ ಅದರಿಂದ ತೊಂದರೆ ಇಲ್ಲ, ಇದನ್ನು ಒತ್ತಿ ಹೇಳಬೇಕು. ಅಟ್ಟದ ಮೇಲಿನ ಟಿವಿಗೆ ಯಾರೂ ಹೆದರಬೇಕಿಲ್ಲ. ಗಾಜಿನಲ್ಲಿ ಬಂಧಿಯಾದ ಸೀಸ ಒಡೆದರೂ ಹೊರಗೆ ಬರುವುದಿಲ್ಲ ಎಂದು ವಾದಿಸುವವರೂ ಇದ್ದಾರೆ. ಇದನ್ನೇ ಪರೀಕ್ಷಿಸಿದ್ದಾರೆ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟ್ಯೂಬುಗಳನ್ನು ಚೂರು ಮಾಡಿ, ಕಸದ ರಾಶಿಯಲ್ಲಿ ಹುಟ್ಟುವ ಹುಳಿಯನ್ನು ಹೋಲುವ ಆಮ್ಲದ್ರವದಲ್ಲಿ ಅಲುಗಾಡಿಸಿ ನೋಡಿದರು. ಬಣ್ಣದ ಟ್ಯೂಬುಗಳಿಂದ ಲೀಟರಿಗೆ ಸರಾಸರಿ 18.5 ಮಿಲಿಗ್ರಾಂ ಸೀಸ ಹೊರಬಂತು. ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಲು ಆ ದೇಶ ಇಟ್ಟ ಮಿತಿ 5 ಮಿಲಿಗ್ರಾಂ. ಕಪ್ಪು ಬಿಳುಪು ಟ್ಯೂಬುಗಳು ಆ ಮಿತಿ ದಾಟಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಅಟ್ಟಗಳ ಮೇಲೆ ಈಗ ಉಳಿದಿರುವುದು ಹೆಚ್ಚಾಗಿ ಬಣ್ಣದವೇ.

ಒಡೆದ ಗಾಜು ನಮ್ಮಲ್ಲಿ ಎಲ್ಲಿಗೆ ಹೋಗುತ್ತದೆ? ಊರ ಹೊರಗಿನ ತಿಪ್ಪೆಗೆ, ಹಳ್ಳದ ದಂಡೆಗೆ, ರಸ್ತೆಬದಿಯ ತಗ್ಗು ತುಂಬುವುದಕ್ಕೆ. ಅಂಬೋಲಿ ಘಟ್ಟದಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ಹಾಯ್ದು ಸಂಕೇಶ್ವರಕ್ಕೆ ಬರುವ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರುತ್ತದೆ. ಘಟಪ್ರಭೆ ಗೋಕಾಕ, ಮೂಡಲಗಿ ಸೀಮೆಯ ಹೊಲಗಳಿಗೆ ನೀರುಣಿಸುತ್ತ ಕೃಷ್ಣೆಗೆ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಈ ಹೊಳೆಗಳು ಉಕ್ಕಿದಾಗ ದಂಡೆಯ ಮೇಲೆ ಚೆಲ್ಲಿದ್ದು ಯಾವುದೂ ದಂಡೆಯಲ್ಲೇ ಉಳಿಯುವುದಿಲ್ಲ ಎಂಬುದನ್ನು ಎಲ್ಲರೂ ಕಂಡಿದ್ದೇವೆ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಇಷ್ಟು ಕಡಿಮೆ ಮಿತಿ ಇಟ್ಟಿರುವುದಕ್ಕೆ ಕಾರಣವಿದೆ. ಸೀಸ ದೇಹದಲ್ಲಿ ಸುಣ್ಣದ ಅಂಶದಂತೆ ವರ್ತಿಸಿ ಎಲುಬಿಗೆ, ಮಿದುಳಿಗೆ ಸೇರಿಕೊಳ್ಳುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಇಷ್ಟಿದ್ದರೆ ಚಿಂತೆಯಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಭಂಗಾರದ ಅಂಗಡಿಯ ಅಂಗಳದಲ್ಲಿ ಚೂರುಗಳ ನಡುವೆ ಆಡುವ ಮಗು ಮೊದಲು ಆ ಅಂಗಡಿಯವರದ್ದೇ ಮಗು.

ಹಾಗಾದರೆ ಗಾಜನ್ನು ಯಾರೂ ಏಕೆ ಕೊಳ್ಳುವುದಿಲ್ಲ? ಹಿಂದೆ ಕೊಳ್ಳುತ್ತಿದ್ದರು. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ಕಪ್ಪು ಬಿಳುಪು ಪಿಕ್ಚರ್ ಟ್ಯೂಬು ಮಾಡುತ್ತಿತ್ತು. ಗುಜರಾತಿನ ಭರೂಚದಲ್ಲಿದ್ದ ವಿಡಿಯೋಕಾನ್ ಕಂಪನಿಯ ಗಾಜಿನ ಕುಲುಮೆ ಹೊರದೇಶಗಳಿಂದಲೂ ಹಳೆಯ ಟ್ಯೂಬಿನ ಗಾಜು ತರಿಸಿ ಹೊಸ ಟ್ಯೂಬು ಮಾಡುತ್ತಿತ್ತು. ಚಪ್ಪಟೆ ಪರದೆ ಬಂದು ಹೊಸ ಟ್ಯೂಬಿನ ಬೇಡಿಕೆ ಸತ್ತ ಮೇಲೆ ಆ ಬಾಗಿಲು ಮುಚ್ಚಿತು. ಈಗ ಸೀಸದ ಗಾಜನ್ನು ಬೇರ್ಪಡಿಸಿ ಸೀಸ ತೆಗೆಯುವುದು ಅಥವಾ ಭದ್ರವಾದ ಅಪಾಯಕಾರಿ ತ್ಯಾಜ್ಯ ಹೂಳುವ ಜಾಗಕ್ಕೆ ಒಪ್ಪಿಸುವುದು ಬರೀ ಖರ್ಚಿನ ಬಾಬು. ಕಬ್ಬಿನ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಗೂ ಕಾರ್ಖಾನೆಯ ಬಾಯ್ಲರಿನಲ್ಲಿ ಬೆಲೆ ಇದೆ, ತಾಮ್ರ ಕಿತ್ತ ಟಿವಿಯ ಗಾಜಿಗೆ ಇಲ್ಲ. ಇಡಿಯಾದ ಟಿವಿಯಲ್ಲಿ ತಾಮ್ರ, ಕಬ್ಬಿಣ, ಬೋರ್ಡು, ಪ್ಲಾಸ್ಟಿಕ್ಕಿನ ಬೆಲೆಯೂ ಇದೆ, ಗಾಜಿನ ಖರ್ಚೂ ಇದೆ. ಒಂದು ಇನ್ನೊಂದರ ಭಾರವನ್ನು ಸ್ವಲ್ಪವಾದರೂ ಹೊರುತ್ತದೆ. ಬೆಲೆಯುಳ್ಳದ್ದನ್ನು ಸಂಕೇಶ್ವರದಲ್ಲೇ ಕಿತ್ತು ಮಾರಿಬಿಟ್ಟರೆ ಉಳಿದ ಗಾಜನ್ನು ಪುಕ್ಕಟೆ ಕೊಟ್ಟರೂ ಒಯ್ಯುವ ಘಟಕ ಸಿಗಲಾರದು. ನನ್ನ ವಾದವೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಟಿವಿ ಒಡೆಯುವ ಮೊದಲೇ ಅದನ್ನು ಹಿಡಿಯಬೇಕು.

ಕಾನೂನು ಇದೆಯಲ್ಲ, ಕಂಪನಿಯವರೇ ವಾಪಸ್ ಒಯ್ಯಬೇಕಲ್ಲ ಎನ್ನುವವರಿದ್ದಾರೆ. ಹೌದು, ಕಾನೂನಿದೆ. ಮೊದಲ ಇ-ತ್ಯಾಜ್ಯ ನಿಯಮ 2011ರಲ್ಲಿ ಬಂತು, 2016ರಲ್ಲಿ ಬಿಗಿಯಾಯಿತು. ಈಗಿನದು 2022ರ ನಿಯಮ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಯಾರಕರು ಇಂತಿಷ್ಟು ತೂಕದ ಮರುಬಳಕೆ ನಡೆದಿದೆ ಎಂಬುದಕ್ಕೆ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬೇಕು. 2024ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಕಿಲೋಗೆ ಕನಿಷ್ಠ 22 ರೂಪಾಯಿ ಎಂದು ಗೊತ್ತುಮಾಡಿತು, ಅದನ್ನು ಪ್ರಶ್ನಿಸಿ ಕೆಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಆದರೆ ಈ ಪ್ರಮಾಣಪತ್ರ ಲೆಕ್ಕ ಹಾಕುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳನ್ನು. ಸೀಸದ ಗಾಜು ಆ ಲೆಕ್ಕದಲ್ಲಿಲ್ಲ. ಹಾಗಾಗಿ ಕಾನೂನಿನ ಹಣವೂ ಭಂಗಾರದ ಗಾಡಿಯಂತೆ ತಾಮ್ರದ ಹಿಂದೆಯೇ ಹೋಗುತ್ತದೆ. ಇದು ನಿಯಮದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ, ತಿದ್ದುಪಡಿ ಆಗಲೇಬೇಕು. ಅದಾಗುವವರೆಗೆ ಗಾಜು ತಾಮ್ರಕ್ಕೆ ಅಂಟಿಕೊಂಡೇ ಘಟಕ ಸೇರುವಂತೆ ನೋಡಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವುದು. ಇನ್ನು ಸಾಲಿಡೇರ್‌ನಂಥ ಎಷ್ಟೋ ಹೆಸರುಗಳು ಮಾರುಕಟ್ಟೆಯಿಂದಲೇ ಮಾಯವಾಗಿವೆ. ಹೀಗೆ ದಿಕ್ಕಿಲ್ಲದ ಸಾಮಾನನ್ನು ಒಟ್ಟುಗೂಡಿಸಿ ನೋಂದಾಯಿತ ಘಟಕಕ್ಕೆ ಮುಟ್ಟಿಸುವ ಹೊಣೆಯನ್ನು ನಿಯಮ ಪುರಸಭೆ, ಪಂಚಾಯತಿಗಳಿಗೆ ವಹಿಸಿದೆ. ಪುರಸಭೆಯ ಕೈ ಊರ ಸರಹದ್ದಿಗೆ ನಿಲ್ಲುತ್ತದೆ. ಒಂದೊಂದು ಗ್ರಾಮ ಪಂಚಾಯತಿಯ ಪಾಲಿಗೆ ಬರುವುದು ಹತ್ತಿಪ್ಪತ್ತು ಟಿವಿ. ಅಷ್ಟಕ್ಕಾಗಿ ಯಾವ ಘಟಕವೂ ಐನೂರು ಕಿಲೋಮೀಟರಿನಾಚೆಯಿಂದ ಗಾಡಿ ಕಳಿಸುವುದಿಲ್ಲ. ತಾಲ್ಲೂಕಿನ ಟಿವಿಗಳೆಲ್ಲ ಒಂದೇ ಕಡೆ ರಾಶಿ ಬಿದ್ದರೆ ಮಾತ್ರ ಕೆಲಸ ಸಾಗುತ್ತದೆ.

ತಾಲ್ಲೂಕಿನ ಮೂಲೆಮೂಲೆಯ ಮನೆಗೂ ಕೈಚಾಚಬಲ್ಲ, ಜನರೇ ಒಡೆಯರಾಗಿರುವ ಸಂಸ್ಥೆ ಯಾವುದು ಎಂದು ಹುಡುಕಿದರೆ ನಮ್ಮ ಸಂಘವೇ ಎದುರಿಗೆ ಬರುತ್ತದೆ. ದೇಶದಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಆರಂಭವಾದ ಕಾಲಕ್ಕೆ ಪ್ರಯೋಗವಾಗಿ ಐದು ಕಡೆ ವಿದ್ಯುತ್ ಸಹಕಾರಿ ಸಂಘಗಳು ಹುಟ್ಟಿದವು. ಆಗಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಐದನೆಯದು ಹುಕ್ಕೇರಿ. ನಮ್ಮದು 1969ರಲ್ಲಿ ಸ್ಥಾಪನೆಯಾಯಿತು. ರಾಜ್ಯದ ಉಳಿದ ತಾಲ್ಲೂಕುಗಳಿಗೆ ಸರ್ಕಾರಿ ಕಂಪನಿಗಳು ವಿದ್ಯುತ್ ಹಂಚಿದರೆ ಇಲ್ಲಿ ಮಾತ್ರ ಬಳಸುವವರ ಸಹಕಾರಿ ಸಂಘ ಹಂಚುತ್ತದೆ. ಕರ್ನಾಟಕದಲ್ಲಿ ಇಂಥದ್ದು ಇನ್ನೊಂದಿಲ್ಲ. ಕಂಬ ನೆಡಲು ಹೊಲದಲ್ಲಿ ಜಾಗ ಬಿಟ್ಟವರು, ಷೇರು ಹಣ ಕಟ್ಟಿದವರು ನಮ್ಮ ಹಿರಿಯರು. ಹಳ್ಳಿಯ ಪಡಸಾಲೆಗೆ ಟಿವಿ ಬರಲು ಸಾಧ್ಯವಾದದ್ದೇ ಆ ತಂತಿ ಬಂದ ಮೇಲೆ. ಅದೇ ತಂತಿಯ ತುದಿಯಲ್ಲಿ ಕೆಟ್ಟು ನಿಂತ ಸಾಮಾನನ್ನು ಇಳಿಸುವ ಕೆಲಸ ಸಂಘಕ್ಕೆ ಹೊರಗಿನದು ಎಂದು ನನಗೆ ಅನಿಸುವುದಿಲ್ಲ. ಕೆಲಸದ ದೃಷ್ಟಿಯಿಂದ ನೋಡಿದರೂ ಮೀಟರ್ ಓದುವವರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುತ್ತಾರೆ, ಬಿಲ್ಲಿನ ಚೀಟಿಯ ಮೇಲೆ ಎರಡು ಸಾಲು ಮುದ್ರಿಸಿದರೆ ಸುದ್ದಿ ಎಲ್ಲರಿಗೂ ಮುಟ್ಟುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರ್, ಹಳೆಯ ಮೀಟರ್, ತುಂಡು ತಂತಿ ಕೂಡಿಟ್ಟು ವಿಲೇವಾರಿ ಮಾಡುವುದು ವಿದ್ಯುತ್ ವಿತರಿಸುವ ಯಾವ ಸಂಸ್ಥೆಗೂ ಹೊಸದಲ್ಲ.

ಖರ್ಚಿನ ಪ್ರಶ್ನೆ ಎಲ್ಲಕ್ಕಿಂತ ಗಟ್ಟಿಯಾದದ್ದು, ಅದನ್ನು ಹಾರಿಸಿ ಹೋಗುವಂತಿಲ್ಲ. ಇದರ ಹೊರೆ ಕೊನೆಗೆ ಯೂನಿಟ್ ದರದ ಮೇಲೆ ಬೀಳುತ್ತದೆಯೇ ಎಂದು ಸದಸ್ಯರು ಕೇಳಬೇಕು. ಬೀಳಬಾರದು. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಟಿವಿ ಸಂಗ್ರಹದ ಲೆಕ್ಕವನ್ನು ವಿದ್ಯುತ್ತಿನ ಲೆಕ್ಕಕ್ಕೆ ಸೇರಿಸದೆ ಬೇರೆ ಖಾತೆಯಲ್ಲೇ ಇಡಬೇಕು. ಇಡಿ ಸೆಟ್ಟಿಗೆ ಘಟಕ ಕೊಡುವ ಹಣ ಸಾಗಣೆಗೆ ಹೋಗಲಿ. ಸಾಲದಿದ್ದರೆ ಪುರಸಭೆ, ಪಂಚಾಯತಿಗಳು ತಮ್ಮ ಹೊಣೆಯ ಪಾಲನ್ನು ಕೊಡಲಿ, ಏಕೆಂದರೆ ನಿಯಮ ಅವರಿಗೆ ಹೇಳಿದ ಕೆಲಸವನ್ನೇ ಸಂಘ ಹಗುರ ಮಾಡುತ್ತಿದೆ. ಇನ್ನೂ ಒಂದು ಮಾತಿದೆ. ಇದು ವರ್ಷ ವರ್ಷ ಬೆಳೆಯುವ ಖರ್ಚಲ್ಲ. ಪಿಕ್ಚರ್ ಟ್ಯೂಬಿನ ಹೊಸ ಟಿವಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹುಕ್ಕೇರಿ ತಾಲ್ಲೂಕಿನಲ್ಲಿ ಎಷ್ಟಿವೆಯೋ ಅಷ್ಟೇ, ಇಳಿದಂತೆ ಮುಗಿಯುತ್ತವೆ. ಕೆಲವು ಸುಗ್ಗಿಗಳಲ್ಲಿ ತೀರುವ ಕೆಲಸವಿದು. ಸಕ್ಕರೆ ಕಾರ್ಖಾನೆಯ ನೀರು, ಹೊಲದ ಔಷಧಿ, ಪ್ಲಾಸ್ಟಿಕ್ ಇವುಗಳ ಮುಂದೆ ಟಿವಿಯದ್ದೇನು ದೊಡ್ಡದು ಎನ್ನುವವರಿಗೂ ನನ್ನ ಉತ್ತರ ಇದೇ. ಆ ಸಮಸ್ಯೆಗಳು ದೊಡ್ಡವೇ, ದಿನವೂ ಹೊಸದಾಗಿ ಹುಟ್ಟುವಂಥವು. ಇದಕ್ಕೆ ಕೊನೆ ಇದೆ, ಈಗ ಹಿಡಿದರೆ ಆ ಕೊನೆಯನ್ನು ನಾವೇ ಕಾಣಬಹುದು. ಬಿಟ್ಟರೆ ಸೀಸ ಕೊಳೆಯುವುದಿಲ್ಲ, ಕರಗಿ ಇನ್ನೊಂದಾಗುವುದಿಲ್ಲ, ಬಿದ್ದಲ್ಲಿ ಸೀಸವಾಗಿಯೇ ಇರುತ್ತದೆ.

ಭಂಗಾರದವರ ಹೊಟ್ಟೆಯ ಮೇಲೆ ಹೊಡೆಯುವ ಯೋಜನೆ ಇದಾಗಬಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಓಣಿ ಓಣಿ ತಿರುಗಿ ಇಷ್ಟು ವರ್ಷ ಈ ಊರುಗಳ ಹಳೆಯ ಸಾಮಾನು ಎತ್ತಿದವರು ಅವರೇ, ಯಾವ ಕಚೇರಿಯೂ ಅಲ್ಲ. ಟಿವಿ ಒಡೆಯುವುದು ಅವರ ಇಷ್ಟದಿಂದಲ್ಲ. ಒಡೆದರೆ ಮಾತ್ರ ನಾಲ್ಕು ಕಾಸು ಸಿಗುವಂತೆ ವ್ಯಾಪಾರ ಇರುವುದರಿಂದ. ಆದ್ದರಿಂದ ಸಂಘ ಮನೆಯವರಿಂದಷ್ಟೇ ಅಲ್ಲ, ಅವರಿಂದಲೂ ಸೆಟ್ ಕೊಳ್ಳಬೇಕು. ಯೋಕ್, ಬೋರ್ಡು, ಕತ್ತು ಎಲ್ಲ ಇರುವ ಇಡಿ ಸೆಟ್ ತಂದರೆ, ಒಡೆದು ಮಾರಿದಾಗ ಸಿಗುವುದಕ್ಕಿಂತ ಒಂದಿಷ್ಟು ಹೆಚ್ಚು ಕೊಡಬೇಕು. ಆಗ ಅವರ ಗಾಡಿಯೇ ನಮ್ಮ ಸಂಗ್ರಹದ ಗಾಡಿಯಾಗುತ್ತದೆ. ರಿಪೇರಿ ಅಂಗಡಿಯವರ ಜೊತೆಗೂ ಹೀಗೇ ನಡೆದುಕೊಳ್ಳಬೇಕು. ಇನ್ನೂ ನಡೆಯುವ ಟಿವಿಯನ್ನು ತಂದುಕೊಡಿ ಎಂದು ಯಾರನ್ನೂ ಒತ್ತಾಯಿಸಬೇಕಿಲ್ಲ. ಸೆಟ್‌ಟಾಪ್ ಬಾಕ್ಸ್ ಹಚ್ಚಿ ಇವತ್ತಿಗೂ ಅದರಲ್ಲೇ ನೋಡುವವರಿದ್ದಾರೆ, ನೋಡಲಿ. ರಿಪೇರಿಯಾಗುವುದನ್ನು ರಿಪೇರಿ ಮಾಡಿ ಬಳಸುವುದು ಯಾವ ಮರುಬಳಕೆ ಘಟಕಕ್ಕಿಂತಲೂ ಮೇಲು. ಆದರೆ ಕೊನೆಯುಸಿರಿನ ಸೆಟ್ಟನ್ನು ಕೆಲಸದವರಿಗೋ ಬಡ ಸಂಬಂಧಿಕರಿಗೋ ದಾನ ಕೊಟ್ಟು ಪುಣ್ಯ ಬಂತೆಂದುಕೊಳ್ಳುವುದು ಸರಿಯಲ್ಲ. ವಿಲೇವಾರಿಯ ಹೊರೆಯನ್ನು ನಮಗಿಂತ ಬಡವರ ಮನೆಗೆ ಸಾಗಿಸಿದಂತಾಗುತ್ತದೆ, ಅಷ್ಟೇ.

ಕಳಿಸುವುದು ಎಲ್ಲಿಗೆ ಎಂಬುದಕ್ಕೂ ಉತ್ತರವಿದೆ. ಸಂಕೇಶ್ವರದ ಮಗ್ಗುಲಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ತುಮಕೂರಿನಾಚೆ ಬೆಂಗಳೂರಿಗೆ ಹತ್ತಿರ, ದಾಬಸ್‌ಪೇಟೆ ಇದೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕವಾದ ಇ-ಪರಿಸರ 2005ರಲ್ಲಿ ಶುರುವಾದದ್ದು ಅಲ್ಲಿಯೇ. ಆಮೇಲೆ ರಾಜ್ಯದಲ್ಲಿ ಬೇರೆ ಘಟಕಗಳೂ ಬಂದಿವೆ. ಯಾವುದಕ್ಕೆ ಕೊಟ್ಟರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅದರ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಿ, ದರಪಟ್ಟಿ ಕರೆದು, ಪಿಕ್ಚರ್ ಟ್ಯೂಬಿನ ಗಾಜನ್ನು ಎಲ್ಲಿಗೆ ಮುಟ್ಟಿಸುತ್ತೀರಿ ಎಂಬುದನ್ನು ಬರವಣಿಗೆಯಲ್ಲಿ ಪಡೆದೇ ಒಪ್ಪಂದ ಮಾಡಿಕೊಳ್ಳಬೇಕು. ತಾಮ್ರ ಇಟ್ಟುಕೊಂಡು ಗಾಜನ್ನು ಇನ್ನಾವುದೋ ಹಳ್ಳಿಯ ಹಳ್ಳಕ್ಕೆ ಸುರಿಯುವವರು ಗೇಟಿಗೆ ಫಲಕ ಹಾಕಿಕೊಂಡವರಲ್ಲೂ ಇರಬಹುದು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್ಸಿನಲ್ಲಿ ಟ್ಯೂಬಿನ ಗಾಜು ಮರುಬಳಕೆ ಮಾಡುತ್ತೇನೆಂದು ಹಣ ಪಡೆದ ಕಂಪನಿಯೊಂದು ಗೋದಾಮಿನ ತುಂಬ ಗಾಜು ಬಿಟ್ಟು ಬಾಗಿಲು ಹಾಕಿಕೊಂಡ ಉದಾಹರಣೆ ಕಣ್ಣ ಮುಂದಿದೆ. ಸಂಗ್ರಹದ ವಿಷಯವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಮನಕ್ಕೆ ತಂದು ಅವರ ಸಲಹೆಯಂತೆ ಶೆಡ್ಡು ಸಿದ್ಧಮಾಡಬೇಕು. ಮೇಲೆ ತಗಡು, ಕೆಳಗೆ ಸಿಮೆಂಟು ನೆಲ, ಮಳೆನೀರು ಹೊಗದ ಜಾಗ ಸಾಕು.

ಮನೆಯವರು ಮಾಡಬೇಕಾದದ್ದು ಸ್ವಲ್ಪವೇ. ಹಿಂದಿನ ಕವಚ ಬಿಚ್ಚಬಾರದು. ತುಂಬ ದಿನ ಬಂದ್ ಆಗಿದ್ದರೂ ಒಳಗೆ ವಿದ್ಯುತ್ ಉಳಿದಿರಬಹುದು. ಟ್ರ್ಯಾಲಿಯಲ್ಲಿ ತರುವಾಗ ಕೆಳಗೆ ದಪ್ಪಗೆ ರವದಿ ಹಾಸಿ, ಪರದೆ ಕೆಳಮುಖವಾಗಿ ಮಲಗಿಸಿದರೆ ಹಿಂದಿನ ಕತ್ತಿಗೆ ಪೆಟ್ಟಾಗುವುದಿಲ್ಲ. ಆಗಲೇ ಟ್ಯೂಬು ಒಡೆದಿದ್ದರೆ ಬರಿಗೈಯಿಂದ ಮುಟ್ಟದೆ, ಕಸಬರಿಗೆಯಿಂದ ಧೂಳೆಬ್ಬಿಸದೆ, ಒದ್ದೆ ಬಟ್ಟೆಯಿಂದ ಎತ್ತಿ ಗಟ್ಟಿ ಡಬ್ಬಿಯಲ್ಲಿ ಹಾಕಿ ಬೇರೆಯಾಗಿಯೇ ಕೊಡಬೇಕು. ಎಲ್‌ಇಡಿ ಬರುವ ಮೊದಲಿನ ಎಲ್‌ಸಿಡಿ ಟಿವಿಗಳ ಪರದೆಯ ಹಿಂದೆ ಪೆನ್ಸಿಲ್ಲಿಗಿಂತ ಸಣ್ಣ ದೀಪದ ಕೊಳವೆಗಳಿರುತ್ತವೆ, ಅವುಗಳಲ್ಲಿ ಪಾದರಸವಿದೆ. ಅವನ್ನೂ ಇದೇ ಶೆಡ್ಡಿನಲ್ಲಿ ಇಡಿಯಾಗಿಯೇ ತೆಗೆದುಕೊಳ್ಳಬೇಕು.

ಮಹಾಸಭೆಯ ಮುಂದೆ ವಿಷಯ ಇಡಲು ಬೈಲಾದ ಪ್ರಕಾರ ಮೊದಲೇ ಲಿಖಿತವಾಗಿ ಕೊಡಬೇಕು. ಈ ಪತ್ರ ಒಪ್ಪಿದವರು ತಮ್ಮ ತಮ್ಮ ಊರಿನ ಸದಸ್ಯರ ಸಹಿ ಕೂಡಿಸಿ ಸಂಘದ ಕಚೇರಿಗೆ ಮುಟ್ಟಿಸಬೇಕೆಂದು ಕೋರುತ್ತೇನೆ. ಠರಾವು ದೀಪಾವಳಿಗೆ ಮೊದಲು ಆದರೆ ಒಳ್ಳೆಯದು, ವರ್ಷದಲ್ಲಿ ಹೆಚ್ಚು ಟಿವಿಗಳು ಮನೆ ಬಿಡುವುದು ಹಬ್ಬದ ಹಿಂದುಮುಂದಿನ ಹದಿನೈದು ದಿನಗಳಲ್ಲಿ. ಮೊದಲ ಸಂಗ್ರಹ ಸಂಕೇಶ್ವರ, ಹುಕ್ಕೇರಿ, ಯಮಕನಮರಡಿ ಮೂರೇ ಕಡೆ ಆಗಲಿ. ಕೂಡಿದ ಸೆಟ್ಟುಗಳೆಷ್ಟು, ಲಾರಿ ಏರಿದ್ದೆಷ್ಟು, ಘಟಕ ಒಪ್ಪಿಕೊಂಡ ತೂಕವೆಷ್ಟು, ಗಾಜು ಹೋಗಿ ಸೇರಿದ್ದೆಲ್ಲಿ ಎಂಬ ನಾಲ್ಕು ಲೆಕ್ಕಗಳನ್ನು ರಸೀದಿ ಸಮೇತ ಮುಂದಿನ ವರ್ಷದ ವಾರ್ಷಿಕ ವರದಿ ಪುಸ್ತಕದಲ್ಲಿ ಅಚ್ಚು ಹಾಕಬೇಕು ಎಂಬ ಷರತ್ತು ಠರಾವಿನಲ್ಲೇ ಇರಲಿ.

ಇಂತಿ,
ಸಂಘದ ಒಬ್ಬ ಸದಸ್ಯ
ಸಂಕೇಶ್ವರ